ಕೊಲೆಸ್ಟ್ರಾಲ್ ಜಾಸ್ತಿ ಇದ್ದವರ ರಕ್ತನಾಳ ಹೇಗಿದೆ? ರಕ್ತ ಪರೀಕ್ಷೆ ಎಷ್ಟು ಹೇಳಬಲ್ಲದು

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾದವು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳಲ್ಲಿ ತಪಾಸಣೆಗೆ ಬಂದವರ ಸಾಲು ಬೆಳೆಯಿತು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗಲೂ ಹೀಗೇ ಆಗಿತ್ತು.

ಈ ಭಯಕ್ಕೆ ಆಧಾರವಿದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದ ಸರಾಸರಿ ವಯಸ್ಸು 53. ಉಳಿದ ದೇಶಗಳವರಿಗೆ ಅದು ಸುಮಾರು 59. ಅಂದರೆ ನಮಗೆ ಐದಾರು ವರ್ಷ ಮೊದಲೇ ಬರುತ್ತದೆ.

ಹೀಗೆ ಹೆದರಿದವರು ಆಸ್ಪತ್ರೆಗಿಂತ ಮೊದಲು ಲ್ಯಾಬ್‌ಗೆ ಹೋಗುವುದೇ ಜಾಸ್ತಿ. ಅಲ್ಲಿ ‘ಹಾರ್ಟ್ ಪ್ಯಾಕೇಜ್’ ಇರುತ್ತದೆ. ಲಿಪಿಡ್ ಪ್ರೊಫೈಲ್ ಅನ್ನುವ ರಕ್ತದ ಕೊಬ್ಬಿನ ಪರೀಕ್ಷೆ ಜೊತೆಗೆ ಅಪೊ-ಬಿ, ಲಿಪೊಪ್ರೋಟೀನ್-ಎ, ಎಚ್‌ಎಸ್-ಸಿಆರ್‌ಪಿ, ಹೋಮೋಸಿಸ್ಟೀನ್ ಅಂತ ಸಾಲು ಸಾಲು ಹೆಸರುಗಳು. ರಿಪೋರ್ಟ್ ಬಂದಾಗ ಒಂದೆರಡು ಕಡೆ ದಪ್ಪಕ್ಷರದಲ್ಲಿ ‘ಹೈ’ ಅಂತ ಇರುತ್ತದೆ. ಅದನ್ನು ನೋಡಿ ಮನೆಯವರೆಲ್ಲ ಕಂಗಾಲು.

ಕೊಲೆಸ್ಟ್ರಾಲ್ ಜಾಸ್ತಿ ಇರುವವರು ನಿಜವಾಗಿ ತಿಳಿಯಬೇಕಿರುವುದು ಒಂದೇ: ನನ್ನ ರಕ್ತನಾಳಕ್ಕೆ ಎಷ್ಟು ಪೆಟ್ಟು ಬಿದ್ದಿದೆ, ಇನ್ನೆಷ್ಟು ಬೀಳಬಹುದು? ಇದಕ್ಕೆ ರಕ್ತದಲ್ಲಿ ಉತ್ತರ ಹುಡುಕುವ ಕೆಲಸ ಹಲವು ದಶಕಗಳಿಂದ ನಡೆದಿದೆ. ಈ ಹುಡುಕಾಟದಿಂದ ನನಗೆ ಸ್ಪಷ್ಟವಾಗಿರುವ ಮಾತು ಇಷ್ಟು. ನಾಳವನ್ನು ಹಾಳು ಮಾಡುವ ಕಣಗಳನ್ನು ರಕ್ತ ಪರೀಕ್ಷೆ ಚೆನ್ನಾಗಿ ಎಣಿಸುತ್ತದೆ. ನಾಳ ಎಷ್ಟು ಹಾಳಾಗಿದೆ ಅಂತ ಒಬ್ಬ ವ್ಯಕ್ತಿಗೆ ಹೇಳುವಷ್ಟು ಅದು ಇನ್ನೂ ಬೆಳೆದಿಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ದುಡ್ಡೂ ಉಳಿಯುತ್ತದೆ, ಗಮನ ಎಲ್ಲಿರಬೇಕೋ ಅಲ್ಲಿರುತ್ತದೆ.

ಒಳಪದರ ಅನ್ನುವ ಅಂಗ

ರಕ್ತನಾಳ ಅಂದರೆ ಬರೀ ಪೈಪು ಅಂತ ವೈದ್ಯರೂ ಬಹಳ ಕಾಲ ಅಂದುಕೊಂಡಿದ್ದರು. ಅದರ ಒಳಮೈಗೆ ಒಂದೇ ಒಂದು ಸಾಲು ಜೀವಕೋಶಗಳ ತೆಳುವಾದ ಪದರ ಅಂಟಿಕೊಂಡಿದೆ. ಇದಕ್ಕೆ ಎಂಡೋಥೀಲಿಯಂ ಅನ್ನುತ್ತಾರೆ. ಅದರ ಕೆಲಸ ಏನು ಅಂತ ಗೊತ್ತಾಗಿದ್ದು 1980ರಲ್ಲಿ.

ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯ ತುಂಡುಗಳ ಮೇಲೆ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಹಾಕಿ ಪ್ರಯೋಗ ಮಾಡುತ್ತಿದ್ದರು. ಕೆಲವು ತುಂಡು ಸಡಿಲವಾಗುತ್ತಿದ್ದವು, ಕೆಲವು ಬಿಗಿಯಾಗುತ್ತಿದ್ದವು. ಔಷಧ ಒಂದೇ, ಪ್ರಾಣಿಯೂ ಒಂದೇ. ಕಾರಣ ಹುಡುಕಿದಾಗ ತಿಳಿಯಿತು: ತುಂಡು ಸಿದ್ಧಮಾಡುವಾಗ ಒಳಮೈ ಉಜ್ಜಿಹೋಗಿದ್ದರೆ ನಾಳ ಸಡಿಲವಾಗುತ್ತಿರಲಿಲ್ಲ. ಸಡಿಲವಾಗು ಅಂತ ಹೇಳುವ ಸಂದೇಶ ಆ ಒಳಪದರದಿಂದಲೇ ಬರುತ್ತಿತ್ತು. ಆ ಸಂದೇಶ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಅಂತ ಮುಂದೆ ಗೊತ್ತಾಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಮೂವರಿಗೂ ನೊಬೆಲ್ ಬಂತು.

ಈ ಅನಿಲ ನಾಳವನ್ನು ಸಡಿಲ ಇಡುತ್ತದೆ. ಪ್ಲೇಟ್‌ಲೆಟ್‌ಗಳು ಗುಂಪುಗೂಡದಂತೆ, ಬಿಳಿ ರಕ್ತಕಣಗಳು ಗೋಡೆಗೆ ಅಂಟದಂತೆ ನೋಡಿಕೊಳ್ಳುತ್ತದೆ. ಕೊಲೆಸ್ಟ್ರಾಲ್ ತುಂಬಿದ ಕಣಗಳು ಗೋಡೆಯೊಳಗೆ ನುಗ್ಗಿ ಸಿಕ್ಕಿಹಾಕಿಕೊಂಡಾಗ ಮೊದಲು ಕುಂದುವುದು ಇದೇ. 1986ರಲ್ಲಿ ಅಮೆರಿಕದ ವೈದ್ಯರು ಹೃದ್ರೋಗಿಗಳ ಹೃದಯದ ನಾಳಕ್ಕೇ ಅಸಿಟೈಲ್‌ಕೋಲಿನ್ ಬಿಟ್ಟು ನೋಡಿದರು. ಅಗಲವಾಗಬೇಕಿದ್ದ ನಾಳಗಳು ಕುಗ್ಗಿದವು. 1992ರಲ್ಲಿ ಲಂಡನ್‌ನಲ್ಲಿ ಡೇವಿಡ್ ಸೆಲರ್ಮೇಯರ್ ಮತ್ತು ಅವರ ಜೊತೆಗಾರರು ಇನ್ನೂ ಸುಲಭದ ದಾರಿ ಹುಡುಕಿದರು. ಕೈಗೆ ಬಿಪಿ ನೋಡುವ ಪಟ್ಟಿ ಕಟ್ಟಿ ಸುಮಾರು 5 ನಿಮಿಷ ರಕ್ತ ತಡೆದು, ಬಿಟ್ಟ ಮೇಲೆ ತೋಳಿನ ನಾಳ ಎಷ್ಟು ಅಗಲವಾಗುತ್ತದೆ ಅಂತ ಅಲ್ಟ್ರಾಸೌಂಡ್‌ನಲ್ಲಿ ಅಳೆದರು. ವಂಶದಿಂದ ಕೊಲೆಸ್ಟ್ರಾಲ್ ಜಾಸ್ತಿ ಬಂದಿದ್ದ ಮಕ್ಕಳ ನಾಳ ಅಗಲವಾಗಲೇ ಇಲ್ಲ, ಅಥವಾ ತೀರಾ ಕಡಿಮೆ ಅಗಲವಾಯಿತು. ಅವರಿನ್ನೂ ಸ್ಕೂಲಿಗೆ ಹೋಗುವ ಮಕ್ಕಳು. ಬ್ಲಾಕ್ ಅಂತ ನಾವು ಕರೆಯುವ ಅಡಚಣೆ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಪೆಟ್ಟು ಶುರುವಾಗಿರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಈ ಅಲ್ಟ್ರಾಸೌಂಡ್ ಪರೀಕ್ಷೆ ಸಂಶೋಧನೆಗೆ ಚೆನ್ನಾಗಿದೆ. ಆದರೆ ಅಳೆಯುವವರ ಕೈ, ಕೋಣೆಯ ಬಿಸಿ, ಹಿಂದಿನ ಊಟ, ಆಗಷ್ಟೇ ಕುಡಿದ ಕಾಫಿ, ಎಲ್ಲವೂ ಫಲಿತಾಂಶ ಬದಲಿಸುತ್ತವೆ. ದಿನನಿತ್ಯದ ಕ್ಲಿನಿಕ್‌ಗೆ ಅದು ಬರಲಿಲ್ಲ. ಹಾಗಾಗಿ ರಕ್ತದಲ್ಲೇ ಏನಾದರೂ ಗುರುತು ಸಿಗುತ್ತದಾ ಅಂತ ವಿಜ್ಞಾನಿಗಳು ಹುಡುಕಿದರು.

ಒಳಪದರದ ಗುರುತುಗಳು ಯಾಕೆ ಕೈಕೊಟ್ಟವು

ನೈಟ್ರಿಕ್ ಆಕ್ಸೈಡನ್ನೇ ಅಳೆಯಬಹುದಲ್ಲ ಅಂತ ಅನ್ನಿಸಬಹುದು. ಅದು ರಕ್ತದಲ್ಲಿ ಕೆಲವು ಸೆಕೆಂಡ್ ಕೂಡ ನಿಲ್ಲುವುದಿಲ್ಲ. ಅದು ಕರಗಿ ಆಗುವ ನೈಟ್ರೇಟ್ ಅಳೆಯಬಹುದು. ಆದರೆ ಹಿಂದಿನ ರಾತ್ರಿ ಬೀಟ್‌ರೂಟ್ ಪಲ್ಯವೋ ಸೊಪ್ಪಿನ ಸಾರೋ ಉಂಡಿದ್ದರೆ ಅದು ಊಟದಿಂದಲೇ ಏರಿರುತ್ತದೆ.

ಆಮೇಲೆ ಎಡಿಎಂಎ ಅನ್ನುವ ವಸ್ತು ಗಮನ ಸೆಳೆಯಿತು. ಇದು ದೇಹದಲ್ಲೇ ಆಗುತ್ತದೆ, ನೈಟ್ರಿಕ್ ಆಕ್ಸೈಡ್ ತಯಾರಿಯನ್ನು ತಡೆಯುತ್ತದೆ. ಕೊಲೆಸ್ಟ್ರಾಲ್ ಜಾಸ್ತಿ ಇರುವವರ ರಕ್ತದಲ್ಲಿ ಇದು ಹೆಚ್ಚಿದೆ ಅಂತ 1998ರಲ್ಲಿ ಜರ್ಮನಿಯ ರೈನರ್ ಬೋಗರ್ ಮತ್ತು ಜೊತೆಗಾರರು ತೋರಿಸಿದರು. ಇನ್ನೊಂದು ಕಡೆ ವಿಕ್ಯಾಮ್-1, ಐಕ್ಯಾಮ್-1, ಇ-ಸೆಲೆಕ್ಟಿನ್ ಅನ್ನುವ ಅಂಟು ಪ್ರೋಟೀನ್‌ಗಳ ಅಧ್ಯಯನ ನಡೆಯಿತು. ಒಳಪದರಕ್ಕೆ ಕಿರಿಕಿರಿಯಾದಾಗ ಅದು ಇವುಗಳನ್ನು ಹೊರಮೈಗೆ ತರುತ್ತದೆ. ಬಿಳಿ ಕಣಗಳು ಇವಕ್ಕೆ ಅಂಟಿಕೊಂಡು ಗೋಡೆಯೊಳಗೆ ಹೋಗುತ್ತವೆ. ಅಲ್ಲಿ ಸಿಕ್ಕಿಬಿದ್ದ ಕೊಲೆಸ್ಟ್ರಾಲ್ ತಿಂದು ಉಬ್ಬಿ, ಅಲ್ಲೇ ಉಳಿಯುತ್ತವೆ. ಕೊಬ್ಬಿನ ಗಡ್ಡೆ ಶುರುವಾಗುವುದು ಹೀಗೆ. ಈ ಪ್ರೋಟೀನ್‌ಗಳ ಚೂರುಗಳು ಕಳಚಿ ರಕ್ತಕ್ಕೂ ಬರುತ್ತವೆ. ವಾನ್ ವಿಲ್ಲೆಬ್ರ್ಯಾಂಡ್ ಫ್ಯಾಕ್ಟರ್, ಎಂಡೋಥೀಲಿನ್-1 ಕೂಡ ಒಳಪದರದಿಂದ ರಕ್ತಕ್ಕೆ ಬರುವ ಇಂಥವೇ ಗುರುತುಗಳು.

ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ನೂರಾರು ರೋಗಿಗಳ ಸರಾಸರಿ ತೆಗೆದರೆ ಕೊಲೆಸ್ಟ್ರಾಲ್ ಜಾಸ್ತಿ ಇರುವವರಲ್ಲಿ ಈ ಗುರುತುಗಳು ಏರಿರುತ್ತವೆ ಅನ್ನುವುದೂ ನಿಜ. ಆದರೆ ಸರಾಸರಿ ಬೇರೆ, ನಿಮ್ಮ ರಿಪೋರ್ಟ್ ಬೇರೆ. ಆರೋಗ್ಯವಂತರ ಅಂಕಿಗಳೂ ರೋಗಿಗಳ ಅಂಕಿಗಳೂ ಬಹಳಷ್ಟು ಒಂದರ ಮೇಲೊಂದು ಬೀಳುತ್ತವೆ. ಕಿಡ್ನಿ ಸ್ವಲ್ಪ ಮಂದವಾದರೆ ಎಡಿಎಂಎ ಏರುತ್ತದೆ. ಸೋಂಕು ಬಂದರೆ ಐಕ್ಯಾಮ್ ಏರುತ್ತದೆ. ವಾನ್ ವಿಲ್ಲೆಬ್ರ್ಯಾಂಡ್ ಫ್ಯಾಕ್ಟರ್ ಅಂತೂ ರಕ್ತದ ಗುಂಪಿನ ಮೇಲೂ ನಿಂತಿದೆ. ‘ಓ’ ಗುಂಪಿನವರಲ್ಲಿ ಅದು ಉಳಿದವರಿಗಿಂತ ಸುಮಾರು ಕಾಲು ಭಾಗ ಕಡಿಮೆ.

ಇನ್ನೂ ದೊಡ್ಡ ತೊಡಕು ಇದೆ. ತೋಳಿನಿಂದ ತೆಗೆದ ರಕ್ತದಲ್ಲಿ ಇಡೀ ದೇಹದ ನಾಳಗಳಿಂದ ಬಂದದ್ದೆಲ್ಲ ಸೇರಿರುತ್ತದೆ. ಊರಿನ ಒಟ್ಟು ಕರೆಂಟ್ ಬಳಕೆ ನೋಡಿ ಯಾವ ಮನೆಯ ವೈರು ಸುಡುತ್ತಿದೆ ಅಂತ ಹೇಳೋಕಾಗುತ್ತಾ? ಹಾಗೆಯೇ ಇದೂ. ಹೃದಯದ ಮೂರು ಮುಖ್ಯ ನಾಳಗಳ ಮೂರ್ನಾಲ್ಕು ಮಿಲಿಮೀಟರ್ ಜಾಗದಲ್ಲಿ ಏನಾಗುತ್ತಿದೆ ಅನ್ನುವುದು ಆ ಮೊತ್ತದಲ್ಲಿ ಕಳೆದುಹೋಗುತ್ತದೆ.

2001ರಲ್ಲಿ ಬ್ರಿಟನ್‌ನ ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನ ಇದನ್ನೇ ಹೇಳಿತು. ವಯಸ್ಸು, ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಲೆಕ್ಕಕ್ಕೆ ಹಿಡಿದ ಮೇಲೆ ಅಂಟು ಪ್ರೋಟೀನ್‌ಗಳು ಯಾರಿಗೆ ಹೃದಯಾಘಾತ ಆಗಬಹುದು ಅನ್ನುವುದಕ್ಕೆ ಹೆಚ್ಚೇನೂ ಸೇರಿಸಲಿಲ್ಲ.

ಗುರುತನ್ನೇ ರೋಗ ಅಂದುಕೊಂಡು ಔಷಧ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆಗಳಿವೆ. ನೈಟ್ರಿಕ್ ಆಕ್ಸೈಡ್ ತಯಾರಾಗುವುದು ಎಲ್-ಆರ್ಜಿನಿನ್ ಅನ್ನುವ ಅಮೈನೋ ಆಮ್ಲದಿಂದ. ಹಾಗಾದರೆ ಅದನ್ನೇ ಕೊಡೋಣ ಅಂತ ಹೃದಯಾಘಾತ ಆದವರಿಗೆ ಕೊಟ್ಟು ನೋಡಿದರು. 2006ರಲ್ಲಿ ಫಲಿತಾಂಶ ಬಂತು: ನಾಳ ಮೃದುವಾಗಲಿಲ್ಲ. ಎಲ್-ಆರ್ಜಿನಿನ್ ತಿಂದವರಲ್ಲಿ 6 ಜನ ತೀರಿಕೊಂಡರು, ಸುಮ್ನೆ ಸಕ್ಕರೆ ಗುಳಿಗೆಯಂಥದ್ದು ತಿಂದವರಲ್ಲಿ ಒಬ್ಬರೂ ಇಲ್ಲ. ಪ್ರಯೋಗದಲ್ಲಿ ಹೊಸ ರೋಗಿಗಳನ್ನು ಸೇರಿಸುವುದನ್ನೇ ನಿಲ್ಲಿಸಿದರು. ಕೊಬ್ಬಿನ ಗಡ್ಡೆಯ ಉರಿಯೂತ ತೋರಿಸುತ್ತದೆ ಅಂತ ಹೆಸರಾಗಿದ್ದ ಎಲ್‌ಪಿ-ಪಿಎಲ್‌ಎ2 ಅನ್ನುವ ಕಿಣ್ವವನ್ನು ತಡೆಯುವ ಡಾರಾಪ್ಲಾಡಿಬ್ ಮಾತ್ರೆಯನ್ನು ಎರಡು ಪ್ರಯೋಗಗಳಲ್ಲಿ 28 ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದರು. ಫಲಿತಾಂಶ 2014ರಲ್ಲಿ ಬಂತು. ಹೃದಯಾಘಾತ ತಡೆಯುವಲ್ಲಿ ಮಾತ್ರೆ ಸೋತಿತು.

ರಕ್ತದಲ್ಲಿರುವ ಹೋಮೋಸಿಸ್ಟೀನ್ ಅನ್ನುವ ಅಮೈನೋ ಆಮ್ಲದ ಕಥೆಯೂ ಇದೇ, ಅದರಲ್ಲೂ ನಮಗೆ ಹತ್ತಿರದ್ದು. ಬಿ12 ಕಡಿಮೆ ಇದ್ದರೆ ಹೋಮೋಸಿಸ್ಟೀನ್ ಏರುತ್ತದೆ. ಮಾಂಸ, ಮೊಟ್ಟೆ ತಿನ್ನದ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಹಾಗಾಗಿ ಪ್ಯಾಕೇಜ್ ಮಾಡಿಸಿದ ಸಸ್ಯಾಹಾರಿಗಳಲ್ಲಿ ಇದು ‘ಹೈ’ ಅಂತ ಬರುವುದು ಹೊಸದೇನಲ್ಲ. 2006ರಲ್ಲಿ ಪ್ರಕಟವಾದ ಹೋಪ್-2, ನಾರ್ವಿಟ್ ಪ್ರಯೋಗಗಳಲ್ಲಿ ಬಿ ವಿಟಮಿನ್ ಕೊಟ್ಟಾಗ ಹೋಮೋಸಿಸ್ಟೀನ್ ಇಳಿಯಿತು, ಹೃದಯಾಘಾತ ಇಳಿಯಲಿಲ್ಲ. ಬಿ12 ಕಡಿಮೆ ಇದ್ದರೆ ನರಗಳಿಗಾಗಿ, ರಕ್ತಕ್ಕಾಗಿ ತಗೊಳ್ಳಲೇಬೇಕು. ಹೃದಯಕ್ಕೆ ರಕ್ಷಣೆ ಸಿಕ್ಕಿತು ಅಂತ ಅಂದುಕೊಳ್ಳಬೇಡಿ.

ಕಣಗಳ ಲೆಕ್ಕ

ಇನ್ನು ನಿಜವಾಗಿ ಕೆಲಸಕ್ಕೆ ಬರುವ ಅಂಕಿಗಳಿಗೆ ಬರೋಣ. ನಾಳದ ಗೋಡೆಗೆ ನುಗ್ಗುವುದು ಬಿಡಿಯಾದ ಕೊಲೆಸ್ಟ್ರಾಲ್ ಅಲ್ಲ, ಅದನ್ನು ಹೊತ್ತ ಕಣ. ‘ಕೆಟ್ಟ ಕೊಲೆಸ್ಟ್ರಾಲ್’ ಅಂತ ಕರೆಯುವ ಎಲ್‌ಡಿಎಲ್ ಆಗಲಿ, ವಿಎಲ್‌ಡಿಎಲ್ ಆಗಲಿ, ಗೋಡೆಗೆ ತೊಂದರೆ ಕೊಡುವ ಪ್ರತಿಯೊಂದು ಕಣದ ಮೇಲೂ ಅಪೊ-ಬಿ ಅನ್ನುವ ಪ್ರೋಟೀನ್ ಒಂದೇ ಒಂದು ಇರುತ್ತದೆ. ಹಾಗಾಗಿ ಅಪೊ-ಬಿ ಅಳೆದರೆ ಕಣಗಳನ್ನೇ ಎಣಿಸಿದಂತೆ. ಎಲ್‌ಡಿಎಲ್ ಕೊಲೆಸ್ಟ್ರಾಲ್ ಅಂಕಿ ಹೇಳುವುದು ಕಣಗಳೊಳಗಿನ ಸರಕನ್ನು ಮಾತ್ರ. ಇಬ್ಬರಿಗೂ ಎಲ್‌ಡಿಎಲ್ 110 ಇರಬಹುದು. ಆದರೆ ಒಬ್ಬರ ಕಣಗಳು ಸಣ್ಣವಾಗಿದ್ದರೆ ಅಷ್ಟೇ ಸರಕು ಹೊರಲು ಹೆಚ್ಚು ಕಣ ಬೇಕು. ಅವರ ಗೋಡೆಗೆ ಪೆಟ್ಟೂ ಹೆಚ್ಚು.

ಸಣ್ಣ ಕಣಗಳು ಯಾರಲ್ಲಿ ಜಾಸ್ತಿ? ಟ್ರೈಗ್ಲಿಸರೈಡ್ ಅನ್ನುವ ಇನ್ನೊಂದು ಬಗೆಯ ಕೊಬ್ಬು ಜಾಸ್ತಿ, ‘ಒಳ್ಳೆ ಕೊಲೆಸ್ಟ್ರಾಲ್’ ಅನ್ನುವ ಎಚ್‌ಡಿಎಲ್ ಕಡಿಮೆ, ಹೊಟ್ಟೆ ದಪ್ಪ, ಶುಗರ್ ಇರುವವರಲ್ಲಿ. ಇದು ನಮ್ಮ ಜನರಲ್ಲಿ ತೀರಾ ಸಾಮಾನ್ಯವಾಗಿ ಕಾಣುವ ಮಾದರಿ. ಅದಕ್ಕೇ ಎಲ್‌ಡಿಎಲ್ ಒಂದನ್ನೇ ನೋಡಿ ಪರವಾಗಿಲ್ಲ ಅನ್ನುವುದು ಭಾರತೀಯರಿಗೆ ಹೆಚ್ಚು ಅಪಾಯ.

ಒಂದು ರಿಪೋರ್ಟ್ ಹೀಗಿದೆ ಅಂತ ಇಟ್ಟುಕೊಳ್ಳಿ. ಒಟ್ಟು ಕೊಲೆಸ್ಟ್ರಾಲ್ 210, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 240. ಬಹಳಷ್ಟು ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. 1972ರಲ್ಲಿ ಬಂದ ಫ್ರೀಡ್‌ವಾಲ್ಡ್ ಸೂತ್ರದಿಂದ ಲೆಕ್ಕ ಹಾಕುತ್ತವೆ. ಒಟ್ಟಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುವುದು. 210ರಲ್ಲಿ 38 ಹೋಯಿತು, 48 ಹೋಯಿತು, ಉಳಿದದ್ದು 124. ನೋಡಿದರೆ ಸ್ವಲ್ಪ ಜಾಸ್ತಿ ಅಷ್ಟೇ ಅನ್ನಿಸುತ್ತದೆ. ಆದರೆ ಒಟ್ಟಿನಿಂದ ಎಚ್‌ಡಿಎಲ್ ಮಾತ್ರ ಕಳೆದರೆ 172. ಇದಕ್ಕೆ ನಾನ್-ಎಚ್‌ಡಿಎಲ್ ಅನ್ನುತ್ತಾರೆ. ತೊಂದರೆ ಕೊಡುವ ಎಲ್ಲ ಕಣಗಳ ಕೊಲೆಸ್ಟ್ರಾಲೂ ಇದರಲ್ಲಿ ಸೇರಿದೆ. ಅಪಾಯ ಕಡಿಮೆ ಇರುವವರಿಗೂ ಇದು 130ರೊಳಗೆ ಇರಬೇಕು. ಟ್ರೈಗ್ಲಿಸರೈಡ್ 400 ದಾಟಿದರೆ ಆ ಸೂತ್ರವೇ ಕೆಲಸ ಮಾಡುವುದಿಲ್ಲ, ನಾನ್-ಎಚ್‌ಡಿಎಲ್ ಆಗಲೂ ಮಾಡುತ್ತದೆ.

ಈ ಅಂಕಿಗೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ. ಈಗ ಮನೆಯಲ್ಲಿರುವ ಹಳೇ ರಿಪೋರ್ಟ್ ತೆಗೆದರೂ ಲೆಕ್ಕ ಹಾಕಬಹುದು. ಊಟ ಬಿಟ್ಟು ರಕ್ತ ಕೊಡಬೇಕು ಅಂತಲೂ ಇಲ್ಲ. ದುಬಾರಿ ಪ್ಯಾಕೇಜ್‌ಗಳಿಗೆ ಸಿಗುವ ಪ್ರಚಾರದ ಹತ್ತನೇ ಒಂದು ಪಾಲು ಇದಕ್ಕೆ ಸಿಕ್ಕಿದ್ದರೂ ಎಷ್ಟೋ ಜನಕ್ಕೆ ಮೊದಲೇ ಎಚ್ಚರಿಕೆ ಸಿಗುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರ ಜುಲೈನಲ್ಲಿ ನಮ್ಮ ದೇಶಕ್ಕೇ ಅಂತ ಮೊದಲ ಬಾರಿಗೆ ಕೊಲೆಸ್ಟ್ರಾಲ್ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಅಪಾಯ ಕಡಿಮೆ ಇರುವವರ ಎಲ್‌ಡಿಎಲ್ 100ರೊಳಗೆ, ಶುಗರ್, ಬಿಪಿಯಂಥ ತೊಂದರೆ ಇರುವವರದು 70ರೊಳಗೆ, ಆಗಲೇ ಹೃದಯಾಘಾತವೋ ಪಾರ್ಶ್ವವಾಯುವೋ ಆದವರದು 55ರೊಳಗೆ ಇರಬೇಕು. ಲ್ಯಾಬ್ ರಿಪೋರ್ಟ್‌ನ ಪಕ್ಕದಲ್ಲಿ ಅಚ್ಚಾಗಿರುವ ‘ನಾರ್ಮಲ್’ ಎಲ್ಲರಿಗೂ ಒಂದೇ. ನಿಮ್ಮ ಗುರಿ ನಿಮ್ಮ ಅಪಾಯದ ಮೇಲೆ ನಿಂತಿದೆ. ಸ್ಟೆಂಟ್ ಹಾಕಿಸಿಕೊಂಡವರು ಎಲ್‌ಡಿಎಲ್ 95 ಬಂದಿದೆ, ನಾರ್ಮಲ್ ಆಯಿತು ಅಂತ ಮಾತ್ರೆ ಬಿಟ್ಟುಬಿಡುವುದು ಎಷ್ಟು ಅಪಾಯ ಅಂತ ಇದರಿಂದ ಗೊತ್ತಾಗುತ್ತದೆ ಅಲ್ವಾ?

ಒಮ್ಮೆ ನೋಡಬೇಕಾದ್ದು, ಸಮಯ ನೋಡಿ ನೋಡಬೇಕಾದ್ದು

ಲಿಪೊಪ್ರೋಟೀನ್-ಎ ಪರೀಕ್ಷೆಯನ್ನು ಪ್ರತಿ ವರ್ಷ ಮಾಡಿಸುವ ಅಗತ್ಯವಿಲ್ಲ. ಇದನ್ನು 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಕಂಡುಹಿಡಿದರು. ಎಲ್‌ಡಿಎಲ್‌ನಂಥದ್ದೇ ಕಣ, ಅದರ ಮೈಗೆ ಇನ್ನೊಂದು ಪ್ರೋಟೀನ್ ಅಂಟಿಕೊಂಡಿರುತ್ತದೆ. ನಾಳದ ಗೋಡೆಗೂ ಹಾನಿ, ಹೃದಯದ ಮಹಾಧಮನಿ ಕವಾಟಕ್ಕೂ ಹಾನಿ. ಇದರ ಮಟ್ಟ ಬಹುಪಾಲು ವಂಶದಿಂದಲೇ ನಿಗದಿಯಾಗುತ್ತದೆ. ಊಟ, ವ್ಯಾಯಾಮದಿಂದ ಹೆಚ್ಚು ಬದಲಾಗುವುದಿಲ್ಲ, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯಿಂದಲೂ ಇಳಿಯುವುದಿಲ್ಲ. ಭಾರತೀಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ಜಾಸ್ತಿ ಇದೆ. ಡೆಸಿಲೀಟರ್‌ಗೆ 50 ಮಿಲಿಗ್ರಾಂ ದಾಟಿದರೆ ಅಪಾಯ ಹೆಚ್ಚು ಅಂತ ಲೆಕ್ಕ. ಎಲ್ಲರೂ ಜೀವನದಲ್ಲಿ ಒಮ್ಮೆಯಾದರೂ ನೋಡಿಸಿ ಅಂತ ನಮ್ಮ ಮಾರ್ಗಸೂಚಿಯೂ ಹೇಳುತ್ತದೆ.

ಇಳಿಸೋಕಾಗದೇ ಇದ್ದರೆ ನೋಡಿ ಏನು ಪ್ರಯೋಜನ ಅಂತ ಕೇಳುವವರಿದ್ದಾರೆ. ಪ್ರಯೋಜನ ಇದೆ. ಇದು ಜಾಸ್ತಿ ಇದ್ದರೆ ಉಳಿದದ್ದನ್ನೆಲ್ಲ ಹೆಚ್ಚು ಬಿಗಿಯಾಗಿ ಹಿಡಿಯಬೇಕು. ಎಲ್‌ಡಿಎಲ್ ಗುರಿ ಇನ್ನೂ ಕೆಳಗೆ, ಬಿಪಿ, ಶುಗರ್ ಹತೋಟಿಯಲ್ಲಿ, ಬೀಡಿ-ಸಿಗರೇಟು ಪೂರ್ತಿ ಬಂದ್. ಪೆಲಾಕಾರ್ಸೆನ್, ಒಲ್ಪಾಸಿರಾನ್ ಅನ್ನುವ ಚುಚ್ಚುಮದ್ದುಗಳು ಇದನ್ನು 80%ವರೆಗೆ, ಅದಕ್ಕಿಂತಲೂ ಹೆಚ್ಚು ಇಳಿಸಬಲ್ಲವು ಅಂತ ಪ್ರಯೋಗಗಳಲ್ಲಿ ಕಂಡಿದೆ. ಅದರಿಂದ ಹೃದಯಾಘಾತವೂ ಇಳಿಯುತ್ತದಾ ಅನ್ನುವುದೇ ದೊಡ್ಡ ಪ್ರಯೋಗಗಳ ಪ್ರಶ್ನೆ. ಎಲ್-ಆರ್ಜಿನಿನ್, ಡಾರಾಪ್ಲಾಡಿಬ್ ಕಥೆ ಗೊತ್ತಿರುವವರು ಆ ಉತ್ತರಕ್ಕೆ ಕಾಯುತ್ತಾರೆ.

ಎಚ್‌ಎಸ್-ಸಿಆರ್‌ಪಿ ಉರಿಯೂತದ ಗುರುತು. ನಾಳದ ಗೋಡೆಯ ಕಥೆಯಲ್ಲಿ ಕೊಲೆಸ್ಟ್ರಾಲ್ ಎಷ್ಟು ಮುಖ್ಯವೋ ಉರಿಯೂತವೂ ಅಷ್ಟೇ ಮುಖ್ಯ. 2008ರ ಜುಪಿಟರ್ ಪ್ರಯೋಗದಲ್ಲಿ 17,802 ಜನರಿದ್ದರು. ಅವರ ಎಲ್‌ಡಿಎಲ್ 130ರೊಳಗೆ, ಆದರೆ ಎಚ್‌ಎಸ್-ಸಿಆರ್‌ಪಿ 2 ಅಥವಾ ಹೆಚ್ಚು. ರೋಸುವಾಸ್ಟಾಟಿನ್ ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು 44% ಇಳಿದವು. ಆ ಮಾತ್ರೆ ಎಲ್‌ಡಿಎಲ್ಲನ್ನೂ ಇಳಿಸಿತ್ತು, ಹಾಗಾಗಿ ಶ್ರೇಯಸ್ಸು ಯಾರದ್ದು ಅನ್ನುವ ಚರ್ಚೆ ಉಳಿಯಿತು. 2017ರ ಕ್ಯಾಂಟೋಸ್ ಪ್ರಯೋಗ ಅದನ್ನು ಬಿಡಿಸಿತು. ಕೆನಾಕಿನುಮಾಬ್ ಅನ್ನುವ ಚುಚ್ಚುಮದ್ದು ಎಲ್‌ಡಿಎಲ್ ಮುಟ್ಟದೆ ಉರಿಯೂತ ಮಾತ್ರ ಇಳಿಸಿತು. ಮಧ್ಯಮ ಪ್ರಮಾಣ ಪಡೆದವರಲ್ಲಿ ಹೃದಯಾಘಾತದಂಥ ಘಟನೆಗಳು 15% ಇಳಿದವು. ಆದರೆ ಸೋಂಕಿನಿಂದ ಆಗುವ ಸಾವು ಹೆಚ್ಚಿತು, ಔಷಧವೂ ವಿಪರೀತ ದುಬಾರಿ. ಹೃದ್ರೋಗಕ್ಕೆ ಅದು ಬಳಕೆಗೆ ಬರಲಿಲ್ಲ.

ಈ ಪರೀಕ್ಷೆಯನ್ನು ಮಾಡಿಸುವ ಸಮಯ ಬಹಳ ಮುಖ್ಯ. 1ಕ್ಕಿಂತ ಕಡಿಮೆ ಒಳ್ಳೆಯದು, 3ಕ್ಕಿಂತ ಮೇಲೆ ಅಪಾಯ ಹೆಚ್ಚು. ಆದರೆ ಜ್ವರ, ಡೆಂಗಿ, ಚಿಕೂನ್‌ಗುನ್ಯ, ಹಲ್ಲಿನ ವಸಡಿನ ಸೋಂಕು, ಸಂಧಿವಾತ ಯಾವುದಿದ್ದರೂ ಇದು ಏರುತ್ತದೆ. 10 ದಾಟಿದ್ದರೆ ಅದನ್ನು ಹೃದಯದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೈ ಪೂರ್ತಿ ಸರಿಯಾದ ಕೆಲವು ವಾರಗಳ ನಂತರ ಮತ್ತೆ ನೋಡಬೇಕು. ಜ್ವರ ಬಂದಾಗ ಮಾಡುವ ಮಾಮೂಲಿ ಸಿಆರ್‌ಪಿ ಬೇರೆ, ಇದು ಬೇರೆ. ಹೆಸರಿನ ಮುಂದೆ ‘ಎಚ್‌ಎಸ್’ ಇದೆಯಾ ಅಂತ ನೋಡಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು? ಕೊಲೆಸ್ಟ್ರಾಲ್ ಜಾಸ್ತಿ ಇರುವವರೆಲ್ಲರಿಗೂ ನಾನ್-ಎಚ್‌ಡಿಎಲ್, ಜೀವನದಲ್ಲಿ ಒಮ್ಮೆ ಲಿಪೊಪ್ರೋಟೀನ್-ಎ. ಶುಗರ್ ಅಥವಾ ಟ್ರೈಗ್ಲಿಸರೈಡ್ ಜಾಸ್ತಿ ಇದ್ದು ಎಲ್‌ಡಿಎಲ್ ಮಾತ್ರ ಚೆನ್ನಾಗಿ ಕಾಣುತ್ತಿದ್ದರೆ ಅಪೊ-ಬಿ. ಮಾತ್ರೆ ಶುರು ಮಾಡಬೇಕೋ ಬೇಡವೋ ಅಂತ ವೈದ್ಯರಿಗೇ ಅನುಮಾನ ಇದ್ದಾಗ ಎಚ್‌ಎಸ್-ಸಿಆರ್‌ಪಿ. ಎಡಿಎಂಎ, ವಿಕ್ಯಾಮ್‌ಗಳು ಸಂಶೋಧನೆಯ ಕೋಣೆಯಲ್ಲೇ ಇರಲಿ. ನಾಳವನ್ನೇ ನೋಡಬೇಕು ಅನ್ನಿಸಿದರೆ ರಕ್ತ ಬಿಟ್ಟು ಸಿಟಿ ಸ್ಕ್ಯಾನ್ ಕಡೆ ಹೋಗಬೇಕು. ಅದರಲ್ಲಿ ಹೃದಯದ ನಾಳದ ಕ್ಯಾಲ್ಸಿಯಂ ಲೆಕ್ಕ ಸಿಗುತ್ತದೆ. ಸೊನ್ನೆ ಬಂದರೆ ನೆಮ್ಮದಿ, 100 ದಾಟಿದರೆ ಚಿಕಿತ್ಸೆ ಬಿಗಿ ಮಾಡಬೇಕು. ತೀರಾ ಚಿಕ್ಕ ವಯಸ್ಸಿನವರಲ್ಲಿ ಗಡ್ಡೆಗೆ ಇನ್ನೂ ಕ್ಯಾಲ್ಸಿಯಂ ಸೇರಿರುವುದಿಲ್ಲ, ಅವರು ಸೊನ್ನೆಯನ್ನು ಪೂರ್ತಿ ನಂಬುವಂತಿಲ್ಲ.

ಯಾವ ಪರೀಕ್ಷೆಯಲ್ಲೂ ಬರದ ಒಂದು ವಿಷಯ ಇಲ್ಲಿ ಹೇಳಲೇಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೃದಯಾಘಾತಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣವಾಗಿ ಕಂಡದ್ದು ಬೀಡಿ, ಸಿಗರೇಟು. ನಾಳದ ಒಳಪದರವನ್ನು ಅಷ್ಟು ಬೇಗ ಕೆಡಿಸುವುದು ಬೇರೆ ಸಿಗುವುದು ಕಷ್ಟ. ದಿನಕ್ಕೆ ಒಂದು ಪ್ಯಾಕ್ ಸೇದುವವರ ಅಪಾಯ ತಿಳಿಯಲು ಲ್ಯಾಬ್ ಬೇಕಿಲ್ಲ.

ಕೊನೆಗೆ, ಪರೀಕ್ಷೆಯಿಂದ ಅತಿ ಹೆಚ್ಚು ಲಾಭ ಆಗುವ ಒಂದು ಗುಂಪಿನ ಬಗ್ಗೆ. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಎಲ್‌ಡಿಎಲ್ ಜಾಸ್ತಿ ಇರುತ್ತದೆ. ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಎಳೆದುಕೊಳ್ಳುವ ವ್ಯವಸ್ಥೆಯಲ್ಲೇ ಅವರಿಗೆ ಕೊರತೆ. ಇದನ್ನು ಬಿಡಿಸಿ ತೋರಿಸಿದ ಮೈಕಲ್ ಬ್ರೌನ್, ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಲಂಡನ್‌ನ ಆ ಪ್ರಯೋಗದಲ್ಲಿದ್ದ ಮಕ್ಕಳಿಗೆ ಇದ್ದದ್ದು ಇದೇ. ಎಲ್‌ಡಿಎಲ್ 190 ದಾಟಿದ್ದರೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ ಇದರ ಅನುಮಾನ ಪಡಬೇಕು. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಉಳಿದವರು ಮೊದಲ ಲಿಪಿಡ್ ಪರೀಕ್ಷೆಯನ್ನು 18ನೇ ವಯಸ್ಸಿಗೆ ಮಾಡಿಸಿದರೆ ಸಾಕು. ಈ ಮನೆಗಳ ಮಕ್ಕಳಿಗೆ ಅಲ್ಲಿವರೆಗೆ ಕಾಯಬಾರದು, ಮಾಮೂಲಿ ಲಿಪಿಡ್ ಪ್ರೊಫೈಲ್ ಒಂದನ್ನೇ ಮೊದಲೇ ಮಾಡಿಸಬೇಕು. ಅಣ್ಣತಮ್ಮ, ಅಕ್ಕತಂಗಿಯರಿಗೂ ಅದೇ ತಿಂಗಳು ಮಾಡಿಸಬೇಕು.